ಕಚ್ಕೊಂಡ ಶಟ್ಟರು

ಆಗ ನನಗೆ ಅರವತ್ತೆಂಟು. ಅದಾಗಿ ಆರು ವರ್ಷ ಆಯ್ತು. ಮಂಡಿ ಹಿಡ್ಕೊಂಡಿತ್ತು, ಕಿವಿ ಮಾತ್ರ ಚೆನ್ನಾಗಿತ್ತು. ಈ ಕೆಲಸಕ್ಕೆ ಕಿವೀನೇ ಬೇಕು. ಕ್ಯಾಮ್ರಾ ಶಟ್ಟರಿನ ಕಾಯಿಲೆ ಕಣ್ಣಿಗೆ ಕಾಣೋದಕ್ಕಿಂತ ಮುಂಚೆ ಕಿವಿಗೆ ಕೇಳ್ತದೆ.

ಪಾಂಡವಪುರದ ಬಸ್ ಸ್ಟ್ಯಾಂಡ್ ಹಿಂದಿನ ಬೀದೀಲಿ ನಮ್ಮ ಯಜಮಾನರು ಫೋಟೊ ಸ್ಟುಡಿಯೊ ಇಟ್ಟಿದ್ದರು. ಅವರು ಹೋದಮೇಲೆ ಮುಂದಿನ ರೂಮನ್ನ ಮಗ ಜೆರಾಕ್ಸ್ ಅಂಗಡಿ ಮಾಡಿಕೊಂಡ. ಹಿಂದೆ ಬಚ್ಚಲಷ್ಟು ಅಗಲದ ಕತ್ತಲೆ ಕೋಣೆ ಇದೆ. ಅದನ್ನ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಫೋಟೊ ತೊಳೆಯೋ ಟ್ರೇಗಳು, ಫೋಟೊ ದೊಡ್ಡದು ಮಾಡೋ ಯಂತ್ರ, ಕೆಂಪು ಬಲ್ಬು ಎಲ್ಲ ಅಲ್ಲೇ ಇದ್ದವು. ಅಲ್ಲಿ ಅಕ್ಕಿ ಮೂಟೆ ಇಡಬಹುದು ಅಂತ ಸೊಸೆ ಆಗಾಗ ಹೇಳೋಳು. ಮೂಟೆ ಇಡೋಕೆ ಮಂಚದ ಕೆಳಗೆ ಜಾಗ ಇದೆ ಅಂತ ನಾನು ಹೇಳ್ತಿದ್ದೆ.

ಮೊದಮೊದಲು ನಾನು ಫೋಟೊ ತೊಳೀತಿದ್ದೆ, ಅಷ್ಟೆ. ತೆಗೆಯೋದು ಯಜಮಾನರ ಕೆಲಸ. ಆಮೇಲೆ ಶ್ರೀರಂಗಪಟ್ಟಣದ ಮುಸಲ್ಮಾನರ ಮನೆಗಳಿಂದ ಮದುವೆಗೆ ಕರೆಯೋಕೆ ಬಂದರು. ಹೆಂಗಸರು ಕೂತಿರೋ ಕಡೆ ಗಂಡಸು ಫೋಟೊದವನು ಹೋಗೋ ಹಾಗಿಲ್ಲ. ಯಜಮಾನರು ಒಂದು ವಾರ ನನಗೆ ಕ್ಯಾಮ್ರಾ ಹಿಡಿಯೋದು ಹೇಳಿಕೊಟ್ಟು ಕಳಿಸಿದರು. ಆ ಮನೆಗಳ ಕಟ್ಟಳೆ ಒಂದೇ. ಫೋಟೊ ಜೊತೆಗೆ ನೆಗೆಟಿವ್ವೂ ಅವರ ಕೈಗೆ ಕೊಟ್ಟು ಬರಬೇಕು. ನಮ್ಮ ಹತ್ತಿರ ಒಂದೂ ಇಟ್ಟುಕೊಳ್ಳಬಾರದು. ನಾನು ಇಟ್ಟುಕೊಳ್ಳಲಿಲ್ಲ. ಅದಕ್ಕೇ ಮತ್ತೆ ಮತ್ತೆ ಕರೆದರು.

ಅಲ್ಲಿ ನಾನು ಮೊದಲು ಹೋದ ಮನೆ ಆಪಾದು. ಆಪಾ ಅಂದರೆ ಅಕ್ಕ. ನನಗಿಂತ ಏಳೆಂಟು ವರ್ಷ ದೊಡ್ಡವರು. ಅವರ ಮಗನ ಮದುವೇಲಿ ಹೆಂಗಸರ ಕಡೆ ಫೋಟೊ ಪೂರ್ತಿ ನಾನೇ ತೆಗೆದಿದ್ದು. ಆ ಮಗನ ಮಗಳಿಗೆ ಮದುವೆ ಗೊತ್ತಾಯ್ತು ಅಂತ ಆಪಾ ಒಂದು ಮಂಗಳವಾರ ಫೋನು ಮಾಡಿದರು.

"ಏ ಸ್ಟುಡಿಯೊ ಅಮ್ಮಾ, ಇದ್ದೀಯಾ ಇನ್ನೂ?"

"ಇದೀನಿ ಆಪಾ. ಏನ್ ಸಮಾಚಾರ?"

"ಮೊಮ್ಮಗಳು ನಿಕಾ. ಈ ಭಾನುವಾರ. ಹುಡುಗ ನಾಗಮಂಗಲದೋನು. ಸ್ವಂತ ಲಾರಿ ಐತೆ, ಬೀಡಿ ಸೇದಲ್ಲ, ಮಾತು ಕಮ್ಮಿ. ನೀನು ಶನಿವಾರ ಬಾ. ಕ್ಯಾಮ್ರಾ ತಗೊಂಡು ಬಾ."

"ಆ ಕ್ಯಾಮ್ರಾದಲ್ಲಿ ಫೋಟೊ ತೆಗೆದು ಯಾವ ಕಾಲ ಆಯ್ತು ಆಪಾ. ಈಗ ಎಲ್ಲಾರೂ ಫೋನಲ್ಲೇ ಹೊಡೀತಾರಲ್ಲ."

"ಫೋನು ನಕ್ಕೋ, ಬೇಡ್ವೇ ಬೇಡ! ನಮ್ಮ ತಂಗಿ ಮನೆ ಮದುವೇಲಿ ಯಾರೋ ಹುಡುಗಿ ಫೋನಲ್ಲಿ ಹೊಡೆದ್ಲು. ಹೊಡೆದಿದ್ದು ಮಧ್ಯಾಹ್ನ. ಸಂಜೆಗೆ ಮೀನು ಮಾರೋನು ನಮ್ಮ ಬಾಗಿಲಿಗೆ ಬಂದು, 'ಮದುಮಗಳು ಚೆನ್ನಾಗವ್ಳೆ ಬುಡಿ' ಅಂದ. ಮೀನು ಮಾರೋನು! ನಮ್ಮ ಹುಡುಗಿ ಮುಖ ಊರೂರು ತಿರುಗಬಾರ್ದು. ನಿನ್ ಕ್ಯಾಮ್ರಾ ಇದ್ರೆ ಫೋಟೊ. ಇಲ್ಲಾಂದ್ರೆ ಫೋಟೊನೇ ಇಲ್ಲ. ಮನೇಲಿ ಎಲ್ಲಾರ್ಗೂ ಹೇಳಿಬಿಟ್ಟಿದೀನಿ."

ಆಪಾ ಹೇಳಿದರೆ ಆ ಮನೇಲಿ ಮುಗೀತು. ಅಷ್ಟರಲ್ಲಿ ಮದುಮಗಳೇ ಫೋನು ಕಿತ್ತುಕೊಂಡು ಒಳಗೆಲ್ಲೋ ಹೋದಳು. ಮೆಲ್ಲಗೆ ಮಾತಾಡಿದಳು. ಅಪ್ಪನ ಅಮ್ಮನಿಗೆ ಅವರಲ್ಲಿ ದಾದಿ ಅಂತಾರೆ.

"ಅಜ್ಜಿ, ಇಲ್ಲ ಅನ್ಬೇಡಿ. ನನಗೆ ಅಲಂಕಾರದ ಫೋಟೊ ಎಲ್ಲ ಬೇಡ. ದಾದಿ ಜೊತೆ ಒಂದು ಬೇಕು. ಒಂದೇ ಒಂದು. ದಾದಿದು ಅಂತ ಇರೋದು ಆಧಾರ್ ಕಾರ್ಡಿನ ಫೋಟೊ ಮಾತ್ರ. ಅದ್ರಲ್ಲಿ ದಾದಿ ಜೇಬುಗಳ್ಳಿ ಥರ ಕಾಣ್ತಾಳೆ."

"ಫಿಲ್ಮು ಎಲ್ಲಿ ಸಿಕ್ತದೆ ಈಗ?"

"ನಾನೇ ತರಿಸಿದೀನಿ ಅಜ್ಜಿ. ಪೋಸ್ಟಲ್ಲಿ ಬಂತು. ಒಂದು ರೋಲು."

ಆಯ್ತು ಬರ್ತೀನಿ ಅಂದೆ. ಅಂದಮೇಲೆ ಕ್ಯಾಮ್ರಾ ನೆನಪಾಯ್ತು. ಮೊದಲು ನೋಡಿ ಆಮೇಲೆ ಹೇಳಬೇಕಿತ್ತು.

ಅದು ಎರಡು ಕಣ್ಣಿನ ಕ್ಯಾಮ್ರಾ. ಹೊಟ್ಟೆ ಹತ್ತಿರ ಹಿಡಿದು ಮೇಲಿಂದ ಬಗ್ಗಿ ನೋಡಬೇಕು. ಮೇಲಿನ ಕಣ್ಣು ನೋಡೋಕೆ, ಕೆಳಗಿನ ಕಣ್ಣು ತೆಗೆಯೋಕೆ. ಶಟ್ಟರು ಇರೋದು ಕೆಳಗಿನ ಕಣ್ಣೊಳಗೆ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿರೋ ಉಕ್ಕಿನ ಎಲೆಗಳು ಒಂದರ ಮೇಲೊಂದು ಕೂತು ಬೆಳಕನ್ನ ಮುಚ್ಚಿರ್ತವೆ. ಗುಂಡಿ ಒತ್ತಿದರೆ ತೆಗೆದು ಮುಚ್ಚಿಕೊಳ್ತವೆ. ಎಷ್ಟು ಹೊತ್ತು ತೆಗೆದಿರಬೇಕು ಅನ್ನೋದಕ್ಕೆ ಗಾಜಿನ ಸುತ್ತ ಒಂದು ಉಂಗುರ ಇದೆ, ಅದನ್ನ ತಿರುಗಿಸಬೇಕು. ಬಿಸಿಲಲ್ಲಿ ಬೇಗನೆ ಮುಚ್ಚಬೇಕು. ಮನೆಯೊಳಗೆ ನಿಧಾನಕ್ಕೆ ಮುಚ್ಚಬೇಕು. ಆಪಾ ಮನೇಲಿ ಹೆಂಗಸರು ಕೂರೋ ಕೋಣೆಗೆ ಒಂದೇ ಕಿಟಕಿ, ಅದಕ್ಕೂ ಪರದೆ. ನನಗೆ ಬೇಕಾಗಿದ್ದು ನಿಧಾನದ್ದು.

ದೇವರ ಗೂಡಿನ ಪಕ್ಕದಿಂದ ಕ್ಯಾಮ್ರಾ ಇಳಿಸಿದೆ. ಹಿಂದಿನ ಬಾಗಿಲು ತೆಗೆದು ಕಿಟಕಿ ಕಡೆ ಹಿಡಿದು ಗುಂಡಿ ಒತ್ತಿದೆ. ಟಕ್ ಅಂತು, ಬೆಳಕು ಕಾಣಲಿಲ್ಲ. ಎಲೆಗಳು ಅಲ್ಲಾಡೇ ಇರಲಿಲ್ಲ. ಮತ್ತೆ ಒತ್ತಿದೆ. ಈ ಸಲ ತೆಗೆದುಕೊಂಡವು, ತೆಗೆದೇ ಇದ್ದವು. ನಾನು ಕೆಮ್ಮು ಬಂದು ಕೆಮ್ಮಿ ಮುಗಿಸಿದರೂ ಮುಚ್ಚಲಿಲ್ಲ. ಆಮೇಲೆ ನಿದ್ದೆ ಹತ್ತಿದ ಕೋಳಿ ಕಣ್ಣು ಮುಚ್ಚೋ ಹಾಗೆ ಮುಚ್ಚಿಕೊಂಡವು. ಉಂಗುರವನ್ನ ನಿಧಾನದ ಕಡೆ ತಿರುಗಿಸಿ ಒತ್ತಿದೆ. ಅಲ್ಲಿ ಒಳಗಿನ ಹಲ್ಲಿನ ಚಕ್ರಗಳು ಸುಯ್ ಅಂತ ಸೊಳ್ಳೆ ಹಾಡಿದ ಹಾಗೆ ಹಾಡಬೇಕು. ಸು ಅಂದು ನಿಂತುಹೋಯ್ತು.

ಸೊಸೆ ಬಾಗಿಲಲ್ಲಿ ನಿಂತು ನೋಡ್ತಿದ್ದಳು.

"ಅತ್ತೆ, ಒಂದು ತೊಟ್ಟು ಕೊಬ್ರಿ ಎಣ್ಣೆ ಬುಡಿ, ಸರಿಹೋಯ್ತದೆ. ಗೇಟಿಗೆ ಹಂಗೇ ಮಾಡುದ್ದು."

"ಗೇಟಿಗೆ ಬುಡವ್ವ ನೀನು. ಇದು ಗೇಟಲ್ಲ. ಶಟ್ಟರಿಗೆ ಎಣ್ಣೆ ಬುಟ್ರೆ ಎಲೆ ಎಲ್ಲ ಒಂದಕ್ಕೊಂದು ಅಂಟ್ಕತವೆ."

"ಈಗ ಅಂಟ್ಕಂಡಿಲ್ವಾ?"

ಹೋಗಿ ಕಾಫಿ ಮಾಡು ಅಂದೆ.

ಕೆ.ಆರ್. ಪೇಟೆಯಲ್ಲಿ ಗಡಿಯಾರ, ಕ್ಯಾಮ್ರಾ ರಿಪೇರಿ ಮಾಡೋ ಒಬ್ಬರಿದ್ದರು. ಯಜಮಾನರಿಗೆ ಸ್ನೇಹಿತರು, ಅವರನ್ನ ಅಣ್ಣ ಅಂತಿದ್ದರು, ನನ್ನನ್ನ ಅತ್ತಿಗೆ ಅಂತಿದ್ದರು. ಕ್ಯಾಮ್ರಾ ಬರೋದು ನಿಂತಮೇಲೆ ಮಿಕ್ಸಿ ರಿಪೇರಿಗೆ ಇಳಿದಿದ್ದರು. ಅವರಿಗೆ ಫೋನು ಹಚ್ಚಿದೆ.

"ಓ ಅತ್ಗೆ! ಇದ್ದೀರಾ ಇನ್ನೂ?"

ನನ್ನ ವಯಸ್ಸಿಗೆ ಬಂದಮೇಲೆ ಯಾರು ಫೋನಲ್ಲಿ ಸಿಕ್ಕಿದರೂ ಇದನ್ನೇ ಕೇಳ್ತಾರೆ.

"ನೀನು ಮುಂದೆ ಹೋಗಿ ಜಾಗ ಹಿಡೀಲಿ ಅಂತ ಕಾಯ್ತಾ ಇವ್ನಿ. ಶಟ್ಟರು ಕಚ್ಕಂಡದೆ ಕಣಯ್ಯ."

"ಫೋನ್ನ ಕ್ಯಾಮ್ರಾ ಹತ್ರ ಹಿಡ್ದು ಒತ್ತಿ."

ಒತ್ತಿದೆ.

"ಇನ್ನೊಂದ್ಸಲ. ಅದ್ಯಾರು ಕೆಮ್ಮಿದ್ದು, ಶಟ್ಟರಾ?"

"ನಾನು."

"ನೀವು ಬಾಯ್ಮುಚ್ಕಳಿ. ಈಗ ನಿಧಾನದ್ದು ಒತ್ತಿ. ಊಂ... ಎಣ್ಣೆ ಬುಟ್ಟಿದ್ದೀರಿ ಅತ್ಗೆ."

"ಒಂದು ತೊಟ್ಟು ಬುಟ್ಟಿಲ್ಲ."

"ಸುಳ್ಳು ಹೇಳ್ಬೇಡಿ. ಎಣ್ಣೆ ಕುಡ್ದಿರೋ ಶಟ್ಟರು ಇಂಗೇ ಮುಲುಕೋದು."

"ನಿಮ್ಮಪ್ಪನಾಣೆ ಬುಟ್ಟಿಲ್ಲ!"

"ಆಣೆಗೆ ನಮ್ಮಪ್ಪನೇ ಬೇಕಾಗಿತ್ತಾ? ತಗೊಂಡು ಬನ್ನಿ, ಬಿಚ್ಚಿ ನೋಡುವ."

ಗುರುವಾರ ಬೆಳಿಗ್ಗೆ ಕ್ಯಾಮ್ರಾವನ್ನ ಹಳೆ ಸೀರೆ ತುಂಡಲ್ಲಿ ಸುತ್ತಿ ಸ್ಟೀಲ್ ಡಬ್ಬದೊಳಗಿಟ್ಟು ಮುಚ್ಚಳ ಬಿಗಿದು ಬಸ್ ಹತ್ತಿದೆ. ಚಿನಕುರಳಿ ಕಡೆ ರಸ್ತೇಲಿ ಜಲ್ಲಿ ಲಾರಿಗಳು ಓಡಾಡ್ತವೆ. ಅಲ್ಲಿನ ಧೂಳು ಮುಚ್ಚಿದ ಕಿಟಕಿಯಿಂದಲೂ ಒಳಗೆ ಬರ್ತದೆ. ಪಕ್ಕದಲ್ಲಿ ಕೂತ ಹೆಂಗಸು ಡಬ್ಬ ನೋಡಿದಳು.

"ಮಗಳ ಮನೆಗಾ? ಏನ್ ಮಾಡ್ಕಂಡು ಹೊಂಟ್ರಿ?"

"ಒಬ್ಬಟ್ಟು," ಅಂದೆ. ಕ್ಯಾಮ್ರಾ ಅಂದರೆ ತೋರಿಸು ಅಂತಿದ್ದಳು.

ರಿಪೇರಿಯವರ ಅಂಗಡಿ ಮೊದಲಿದ್ದ ಕಡೇನೇ ಇತ್ತು, ಮನುಷ್ಯ ಮಾತ್ರ ಅರ್ಧ ಆಗಿದ್ದರು. ಎರಡು ಕೈಯೂ ನಡುಗ್ತಿದ್ದವು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಕೂತರು.

"ನನಗೆ ಕಣ್ಣದೆ, ಕೈ ಇಲ್ಲ. ನಿಮಗೆ ಕೈ ಅದೆ, ಕಣ್ಣಿಲ್ಲ. ನಾನು ಹೇಳ್ತೀನಿ, ನೀವು ಬಿಚ್ಚಿ."

"ನಾನೆಲ್ಲಿ ಶಟ್ಟರು ಬಿಚ್ಚಿದ್ದೀನಯ್ಯ?"

"ಸೊಪ್ಪು ಬಿಡುಸ್ತೀರಲ್ಲ, ಅಂಗೇ. ಎಳೀಬ್ಯಾಡಿ ಅಷ್ಟೆ."

ಸೈಕಲ್ ಟ್ಯೂಬಿನ ಒಂದು ತುಂಡು ಕೊಟ್ಟರು. ಅದನ್ನ ಅಂಗೈಗೆ ಇಟ್ಟುಕೊಂಡು ಗಾಜಿನ ಅಂಚಿಗೆ ಒತ್ತಿ ತಿರುಗಿಸಬೇಕು. ಸ್ಕ್ರೂ ಡ್ರೈವರ್ ಹಾಕಿದರೆ ಜಾರಿ ಗಾಜು ಗೀರ್ತದೆ, ರಬ್ಬರ್ ಆದರೆ ಕಚ್ಚಿ ಹಿಡೀತದೆ. ಎರಡು ಸಲ ಜಾರಿತು. ಮೂರನೇ ಸಲ ಕಿರ್ ಅಂತ ಸಡಿಲ ಆಯ್ತು. ಗಾಜು ಬಿಚ್ಚಿ ಬಟ್ಟೆ ಮೇಲಿಟ್ಟೆ. ಆಮೇಲೆ ಉಂಗುರ ಎತ್ತಿದೆ.

ಅದರ ಕೆಳಗೆ ಉಕ್ಕು ಬೆಳ್ಳಗೆ ಹೊಳೀಬೇಕು. ಕಂಡಿದ್ದು ಹಳದಿ. ಹಳದಿ ಮೇಲೆ ಕೆಂಪು. ಕೆಂಪಿನ ಮೇಲೆ ಮತ್ತೆ ಹಳದಿ.

ಅವರು ಭೂತಗನ್ನಡಿ ತೆಗೆದು ಬರಿಗಣ್ಣಲ್ಲಿ ನೋಡಿದರು. ಮತ್ತೆ ಹಾಕಿಕೊಂಡು ನೋಡಿದರು.

"ಅತ್ಗೆ, ಇದೇನು ಶಟ್ಟರಾ, ಮಾರಮ್ಮನ ಗುಡಿಯಾ?"

ನನಗೆ ಆಗ ಹೊಳೀತು. ಯಜಮಾನರು ಹೋದಮೇಲೆ ಕ್ಯಾಮ್ರಾದಲ್ಲಿ ಫೋಟೊ ತೆಗೆಯೋದು ಬಿಟ್ಟಿದ್ದೆ, ಆಯುಧ ಪೂಜೆ ಬಿಟ್ಟಿರಲಿಲ್ಲ. ಪ್ರತಿ ವರ್ಷ ಕ್ಯಾಮ್ರಾ ಇಳಿಸಿ ಅರಿಶಿನ ಕುಂಕುಮ ಇಡ್ತಿದ್ದೆ. ಇಡೋದು ಮುಖಕ್ಕೆ ತಾನೆ. ಕ್ಯಾಮ್ರಾದ ಮುಖ ಅಂದರೆ ಗಾಜು. ಗಾಜಿಗೆ ಇಟ್ಟರೆ ಕೆಡ್ತದೆ ಅನ್ನೋ ಬುದ್ಧಿ ನನಗಿತ್ತು. ಅದಕ್ಕೆ ಗಾಜು ಬಿಟ್ಟು ಸುತ್ತಲ ಉಂಗುರಕ್ಕೆ ಇಡ್ತಿದ್ದೆ. ಒಣ ಕುಂಕುಮ ಉದುರಿಹೋಗ್ತದೆ ಅಂತ ದೀಪದ ಎಣ್ಣೇಲಿ ಕಲಸಿ ಇಡ್ತಿದ್ದೆ. ಉಂಗುರದ ಸಂದಿ ಇದೆಯಲ್ಲ, ಎಣ್ಣೆ ಕುಂಕುಮ ಎರಡೂ ಅಲ್ಲಿಂದ ಒಳಗಿಳಿದವು. ಹೋದ ವರ್ಷದ್ದನ್ನ ಒರೆಸೋದೂ ಇಲ್ಲ, ಅದರ ಮೇಲೇ ಹೊಸದು. ಇನ್ನೊಂದು ವಿಷಯ. ಯಜಮಾನರು ಹೋದಾಗ ನಿನ್ನ ಹಣೆಗೆ ಇನ್ನು ಕುಂಕುಮ ಬೇಡ ಅಂತ ನೆಂಟರು ಹೇಳಿ ಹೋಗಿದ್ದರು. ಬಟ್ಟಲು ತುಂಬ ಕುಂಕುಮ ಮನೇಲಿತ್ತು. ನನ್ನ ಪಾಲಿನದನ್ನೂ ಸೇರಿಸಿ ಕ್ಯಾಮ್ರಾಗೇ ಮೆತ್ತಿದ್ದೆ.

ಇದನ್ನೆಲ್ಲ ಹೇಳಿದೆ. ಅವರು ನಕ್ಕು ನಕ್ಕು ಕಣ್ಣಿಂದ ಭೂತಗನ್ನಡಿ ಬಿದ್ದುಹೋಯ್ತು.

"ಎಣ್ಣೆ ಬುಟ್ಟಿಲ್ಲ ಅಂತ ನಮ್ಮಪ್ಪನ ಮೇಲೆ ಆಣೆ ಇಟ್ರಲ್ಲ!"

"ಅದು ಎಣ್ಣೆಯೇನಯ್ಯ? ಪೂಜೆ ಅದು. ನಿನ್ನ ಗೋಡೆ ಗಡಿಯಾರಕ್ಕೂ ಕುಂಕುಮ ಅದಲ್ಲ, ನೋಡು."

"ನಾನು ಗಾಜಿನ ಮೇಲೆ ಇಟ್ಟಿವ್ನಿ ಅತ್ಗೆ. ಮುಳ್ಳಿಗೆ ಇಟ್ಟಿಲ್ಲ."

ಮುಳ್ಳಿಗೆ ಇಟ್ಟಿಲ್ಲ ಅಂತ ಮತ್ತೆ ಮತ್ತೆ ಹೇಳಿಕೊಂಡು ನಗ್ತಿದ್ದರು. ನಾನೂ ನಕ್ಕೆ. ನಗದೆ ಏನು ಮಾಡೋದು.

ಆಮೇಲೆ ಕೆಲಸ. ಬಿಳಿ ಪೆಟ್ರೋಲನ್ನ ಬಾಟ್ಲಿ ಮುಚ್ಚಳದಲ್ಲಿ ಹಾಕಿ ಕೊಟ್ಟರು, ಜೊತೆಗೆ ತುದಿ ಕತ್ತರಿಸಿದ ಕೋಳಿ ಪುಕ್ಕ. ಅದನ್ನ ಅದ್ದಿ ಎಲೆಗಳ ಮೇಲೆ ಸವರಬೇಕು, ಉಜ್ಜಬಾರದು. ಉಜ್ಜಿದರೆ ಎಲೆ ಬಗ್ತದೆ, ಬಗ್ಗಿದರೆ ಆ ಕ್ಯಾಮ್ರಾ ಇನ್ನು ಮಕ್ಕಳ ಆಟಕ್ಕೆ. ಸವರಿ, ಊದಿ, ಶಟ್ಟರು ಹೊಡೆದು, ಮತ್ತೆ ಸವರೋದು. ಪೆಟ್ರೋಲು ಮೊದಲು ಸಾರಿನ ಹಾಗಾಯ್ತು, ಆಮೇಲೆ ಟೀ ಹಾಗೆ, ಆಮೇಲೆ ನೀರಿನ ಹಾಗೆ. ಬಿಸಿಲು ಅಂಗಡಿ ಮೆಟ್ಟಿಲಿಗೆ ಬರೋ ಹೊತ್ತಿಗೆ ಎಲೆಗಳು ಟಿಕ್ ಅಂತ ಹೊಡೆದವು. ಆ ಸದ್ದು ಕೇಳಿ ಎಷ್ಟು ವರ್ಷ ಆಗಿತ್ತೋ. ಸುಮ್ಮನೆ ಇನ್ನೂ ನಾಲ್ಕು ಸಲ ಹೊಡೆದೆ.

"ಸಾಕು, ಆಟ ಆಡ್ಬೇಡಿ," ಅಂದರು. "ಈಗ ನಿಧಾನದ್ದು."

ಅಲ್ಲಿ ಕೆಟ್ಟಿತು. ನಿಧಾನದ ಹಲ್ಲಿನ ಚಕ್ರಗಳು ಪಕ್ಕದಲ್ಲಿ ಒಂದು ಸಣ್ಣ ಗೂಡಲ್ಲಿ ಇರ್ತವೆ. ಅದರ ಹಲ್ಲು ಹಲ್ಲಿಗೂ ಕುಂಕುಮ ಕಲ್ಲಾಗಿ ಕೂತಿತ್ತು. ಪೆಟ್ರೋಲಲ್ಲಿ ನೆನೆಸಿದೆವು. ಅವರ ಹೆಂಡತಿ ಒಳಗಿಂದ ಮುದ್ದೆ, ಉಪ್ಪೆಸರು ತಂದು ಹಾಕಿದರು, ತಿಂದು ಬಂದು ನೋಡಿದೆವು. ಒಂದು ಸಲ ಸುಯ್ ಅಂದು ಪೂರ್ತಿ ಹಾಡಿತು. ಮುಂದಿನ ಸಲ ಅರ್ಧಕ್ಕೆ ನಿಂತಿತು, ಎಲೆಗಳೂ ತೆಗೆದೇ ನಿಂತವು.

"ವಾರ ನೆನೀಬೇಕು ಇದು," ಅಂದರು.

"ಶನಿವಾರ ಬೇಕು."

"ಅಂಗಾದ್ರೆ ಎರಡೇ ದಾರಿ. ಚಕ್ರ ಒಳಗಿದ್ರೆ ಒಂದ್ಸಲ ನಡೀತದೆ, ಒಂದ್ಸಲ ಕೈ ಕೊಡ್ತದೆ. ಯಾವಾಗ ಅಂತ ಅದಕ್ಕೇ ಗೊತ್ತಿಲ್ಲ. ಚಕ್ರ ಆಚೆ ತೆಗೆದುಬುಟ್ರೆ ನಿಧಾನದ ಸ್ಪೀಡು ಒಂದೂ ಇರಲ್ಲ. ಉಳಿದಿದ್ದು ನಂಬಬಹುದು."

"ಒಳಗೆ ಕತ್ತಲೆ ಕಣಯ್ಯ, ಟ್ಯೂಬ್ ಲೈಟು ಒಂದೇ. ಜೋರು ಸ್ಪೀಡಲ್ಲಿ ಏನು ಬರ್ತದೆ?"

"ಬಿ ಅದಲ್ಲ."

ಉಂಗುರದಲ್ಲಿ ಬಿ ಅಂತ ಒಂದು ಗುರುತು ಇದೆ. ಅಲ್ಲಿಗಿಟ್ಟರೆ ಚಕ್ರದ ಹಂಗಿಲ್ಲ. ಒತ್ತಿ ಹಿಡಿದಷ್ಟು ಹೊತ್ತೂ ಶಟ್ಟರು ತೆಗೆದಿರ್ತದೆ, ಬಿಟ್ಟರೆ ಮುಚ್ಕೊಳ್ತದೆ. ಹೊತ್ತು ಎಷ್ಟು ಅನ್ನೋದು ತೆಗೆಯೋರ ಅಂದಾಜು. ಕೂತಿರೋರು ಅಷ್ಟು ಹೊತ್ತೂ ಅಲ್ಲಾಡಬಾರದು. ತುಟಿ ಅಲ್ಲಾಡಿದರೂ ಮುಖ ಕಲಸಿಹೋಗ್ತದೆ.

"ಕೂತ್ಕಳೋರು ಯಾರು?" ಕೇಳಿದರು.

ಹೇಳಿದೆ.

"ಆ ಯಮ್ಮನಾ! ಉಸುರು ತಗಳಕ್ಕೂ ಮಾತು ನಿಲ್ಸಲ್ಲ ಅಂತ ನಮ್ಮಣ್ಣ ಹೇಳೋರಲ್ಲ? ಅತ್ಗೆ, ಶಟ್ಟರು ರಿಪೇರಿ ನಾನು ಮಾಡ್ಬಹುದು. ಆ ಯಮ್ಮನ್ನ ಮಾಡಕ್ಕಾಗಲ್ಲ."

ತೆಗೆದುಬಿಡು ಅಂದೆ. ಚಕ್ರಗಳನ್ನ ಬೆಂಕಿಪೆಟ್ಟಿಗೇಲಿ ಹಾಕಿ ಕೊಟ್ಟರು. ಡಬ್ಬ ಹಿಡ್ಕೊಂಡು ಊರಿಗೆ ಬಂದೆ.

ಶನಿವಾರ ಊಟದ ಹೊತ್ತಿಗೆ ಶ್ರೀರಂಗಪಟ್ಟಣಕ್ಕೆ ಹೋದೆ. ಒಳಗೆ ಹೆಂಗಸರು ತುಂಬಿದ್ದರು. ಆಪಾ ಬಾಗಿಲಲ್ಲೇ ಬೆತ್ತದ ಸ್ಟೂಲು ಹಾಕ್ಕೊಂಡು ಕೂತಿದ್ದರು. ಪಕ್ಕದಲ್ಲಿ ಬಿರಿಯಾನಿ ಮಾಡೋ ಪಾತ್ರೆ. ಒಳಗೆ ಹೋಗೋರು ಫೋನನ್ನ ಅದರಲ್ಲಿ ಹಾಕಿ ಹೋಗಬೇಕು. ಹಾಕಿದಮೇಲೆ ಆಪಾ ಮುಚ್ಚಳ ಮುಚ್ಚೋರು. ಪಾತ್ರೆ ಒಳಗೆ ಯಾವುದೋ ಒಂದು ಸದಾ ಬಡ್ಕೊಳ್ತಿತ್ತು.

"ನಿಂದು?" ಅಂತ ನನ್ನನ್ನೂ ಕೇಳಿದರು.

"ಮನೇಲಿ ಬುಟ್ಟು ಬಂದಿವ್ನಿ ಆಪಾ."

"ಶಾಣಿ. ಬುದ್ಧಿ ಐತೆ ನಿನಗೆ."

ಮದುಮಗಳು ಹಳದಿ ಬಟ್ಟೆ ಹಾಕಿಕೊಂಡು ಕೂತಿದ್ದಳು. ಎರಡು ಕೈಗೂ ಮೊಣಕೈ ತನಕ ಮೆಹಂದಿ, ಒಣಗಿರಲಿಲ್ಲ. ಕೈ ಎರಡನ್ನೂ ಮುಂದೆ ಚಾಚಿಕೊಂಡು, "ಅಜ್ಜಿ, ಮಹಡಿ ಮೇಲೆ ಹೋಗೋಣ್ವಾ? ಬಿಸಿಲು ಚೆನ್ನಾಗೈತೆ," ಅಂದಳು. ಆಪಾ ಬಾಗಿಲಿಂದಲೇ ಕೂಗಿದರು. "ಮಹಡಿ ನಕ್ಕೋ! ಸುತ್ತ ಎಲ್ಲಾ ಮಹಡಿ ಮೇಲೂ ಹುಡುಗರು ಫೋನು ಹಿಡ್ಕೊಂಡು ನಿಂತಿರ್ತಾರೆ."

ಪರದೆ ಒಂದು ಚೂರು ಸರಿಸಿದೆ. ಕಿಟಕಿ ಪಕ್ಕ ಗೋಡೆಗೆ ಒರಗೋ ಹಾಗೆ ಚಾಪೆ ಹಾಕಿಸಿ ಇಬ್ಬರನ್ನೂ ಕೂರಿಸಿದೆ. ಕ್ಯಾಮ್ರಾವನ್ನ ಸ್ಟ್ಯಾಂಡಿಗೆ ಸಿಕ್ಕಿಸಿ ಫಿಲ್ಮು ತುಂಬಿದೆ. ಆ ರೋಲಲ್ಲಿ ಹನ್ನೆರಡು ಫೋಟೊ ಬರ್ತವೆ.

"ಆಪಾ, ನಾನು ಹೂಂ ಅಂದ್ರೆ ಉಸುರು ಕಟ್ಬೇಕು. ನಾನು ಸಾಕು ಅನ್ನೋ ತನಕ ಕಲ್ಲಿನ ಥರ ಕೂತ್ಕೋಬೇಕು."

"ಅಷ್ಟು ಗೊತ್ತಿಲ್ವಾ ನನಗೆ?"

"ಹೂಂ."

"ನೋಡು, ಕಲ್ಲಿನ ಥರ ಕೂತಿದೀನಿ," ಅಂದರು ಆಪಾ.

ಒಂದು ಹೋಯ್ತು. ಮತ್ತೆ ಹೂಂ ಅಂದೆ. "ಸಮೋಸಾ ಯಾರು ನೋಡ್ತಾವ್ರೆ? ತಳ ಹತ್ತುತ್ತೆ," ಅಂದರು. ಅದೂ ಹೋಯ್ತು. ಮೂರನೇದಕ್ಕೆ ನನ್ನನ್ನೇ ಕೇಳಿದರು, ಮುಗೀತಾ ಅಂತ. ನಾಲ್ಕನೇದಕ್ಕೆ ಬಾಯಿಗೆ ಸೆರಗು ಮುಚ್ಚಿಕೊಂಡರು. ಮುಚ್ಚಿಕೊಂಡು ಒಳಗೇ ಮಾತಾಡಿದರು, ಸೆರಗು ಅಲ್ಲಾಡ್ತಿತ್ತು. ಬೈದೆ. ಬೈದಿದ್ದಕ್ಕೆ ಉತ್ತರ ಕೊಟ್ಟರು, ಅದೂ ಶಟ್ಟರು ತೆಗೆದಿದ್ದಾಗಲೇ. ಒಂದು ಸಲ ಚೆನ್ನಾಗಿ ಕೂತಿದ್ದರು, ಪಾತ್ರೆಯೊಳಗೆ ಫೋನು ಬಡ್ಕೊಂಡಿತು, ತಿರುಗಿಬಿಟ್ಟರು.

ಹೀಗೇ ಒಂಬತ್ತು ಹೋಯ್ತು.

"ಅಜ್ಜಿ, ಒಂದಾದ್ರೂ ಬಂತಾ?" ಹುಡುಗಿ ಕೇಳಿದಳು.

"ನೀನು ಎಲ್ಲಾದ್ರಲ್ಲೂ ಬಂದಿದೀಯ. ನಿಮ್ಮ ದಾದಿ ಒಂದರಲ್ಲೂ ಬಂದಿಲ್ಲ."

ಸುಳ್ಳು ಹೇಳಿ ಏನು ಪ್ರಯೋಜನ. ಹುಡುಗಿ ಮುಖ ಚಿಕ್ಕದಾಯ್ತು. ಕಣ್ಣು ಒರೆಸಿಕೊಳ್ಳೋಕೂ ಆಗದು, ಕೈತುಂಬ ಮೆಹಂದಿ. ಆಪಾ ಅದನ್ನ ನೋಡಿದರು. ನೋಡಿ ಮಾತು ಇನ್ನೂ ಜಾಸ್ತಿ ಆಯ್ತು. "ಅರೇ ಬೇಟಿ, ನಾನೇನು ಬೇಕು ಅಂತ ಮಾಡ್ತೀನಾ? ಬಾಯಿ ತಾನೇ ತಾನು ಬರ್ತದೆ. ಹುಟ್ಟಿದಾಗಿಂದ ಹಿಂಗೇ. ನಮ್ಮಮ್ಮ ಹೇಳೋರು..."

ಹುಡುಗಿ ಥಟ್ ಅಂತ ನನ್ನ ಕಡೆ ತಿರುಗಿದಳು.

"ಅಜ್ಜಿ, ಪಾನ್‌ದಾನು! ದಾದಿ ಬಾಯಿಗೆ ಎಲೆ ತುರುಕಿ!"

ಆಪಾ ಪಕ್ಕದಲ್ಲೇ ಅವರ ಎಲೆಅಡಿಕೆ ಡಬ್ಬ ಇತ್ತು. ದೊಡ್ಡ ಎಲೆ ಎರಡು ತೆಗೆದು, ಸುಣ್ಣ ಸವರಿ, ಸಿಕ್ಕಷ್ಟು ಅಡಿಕೆ ಸುರಿದು, ನಿಂಬೆಹಣ್ಣಿನಷ್ಟು ಉಂಡೆ ಸುತ್ತಿದೆ. ಆಪಾ ನಮ್ಮಮ್ಮ ಹೇಳೋರು ಅಂತ ಬಾಯಿ ತೆರೆದೇ ಇದ್ದರು. ಒಳಗಿಟ್ಟುಬಿಟ್ಟೆ.

"ಅಗೀಬೇಡ. ಉಗೀಬೇಡ. ದವಡೇಲಿ ಇಟ್ಕೊ."

ಆಪಾ ಏನೋ ಹೇಳೋಕೆ ಹೋದರು. ಬಾಯಿ ತೆಗೆದರೆ ಕೆಂಪು ರಸ ಹಳದಿ ಬಟ್ಟೆ ಮೇಲೆ ಬೀಳ್ತದೆ. ಮುಚ್ಚಿಕೊಂಡರು. ಆ ಮನೇಲಿ ಅಷ್ಟು ಹೆಂಗಸರಿದ್ದರು, ಎಲ್ಲರೂ ಕೆಲಸ ಬಿಟ್ಟು ಬಂದು ನೋಡಿದರು. ಆಪಾ ಸುಮ್ಮನೆ ಕೂತಿದ್ದನ್ನ ಯಾರೂ ನೋಡಿರಲಿಲ್ಲ ಅಂತ ಕಾಣ್ತದೆ.

ಹೂಂ ಅಂದು ಗುಂಡಿ ಒತ್ತಿ ಹಿಡಿದೆ. ಒಂದು ಉಸಿರು ನಿಧಾನಕ್ಕೆ ಬಿಟ್ಟೆ. ಪಾತ್ರೆಯೊಳಗೆ ಫೋನು ಬಡ್ಕೊಂಡಿತು. ಆಪಾ ಕಣ್ಣು ಕೂಡ ಆ ಕಡೆ ಹೋಗಲಿಲ್ಲ. ಸಾಕು ಅಂದೆ. ಉಳಿದ ಎರಡೂ ಹಾಗೇ ತೆಗೆದೆ.

ಆಪಾ ಎದ್ದು ಹಿತ್ತಲಿಗೆ ಓಡಿ ಉಗಿದು ಬಂದರು. "ಏ ಸ್ಟುಡಿಯೊ ಅಮ್ಮಾ, ಕೊಲ್ಲೋಕೆ ಬಂದಿದ್ದಾ ಫೋಟೊ ತೆಗೆಯೋಕೆ ಬಂದಿದ್ದಾ? ಅಷ್ಟು ಸುಣ್ಣ ಯಾರಾದ್ರೂ ಹಾಕ್ತಾರಾ? ಬಾಯೆಲ್ಲ ಸುಟ್ಟೋಯ್ತು!" ಅಂತ ಶುರು ಮಾಡಿದವರು ನಾನು ಬಸ್ಸಿಗೆ ಹೊರಡೋ ತನಕ ನಿಲ್ಲಿಸಲಿಲ್ಲ.

ಸಾಯಂಕಾಲ ಕತ್ತಲೆ ಕೋಣೇಲಿ ಫಿಲ್ಮು ತೊಳೆದೆ. ಡೆವಲಪರ್ ಪುಡಿಯನ್ನ ಮಗ ಮೈಸೂರಿಂದ ತಂದಿದ್ದ. ಬಟ್ಟೆ ಕ್ಲಿಪ್ಪು ಹಾಕಿ ನೇತುಬಿಟ್ಟು, ಒದ್ದೆ ಇರೋವಾಗ ನೋಡೋದು ಬೇಡ ಅಂತ ಬಾಗಿಲು ಮುಚ್ಚಿ ಬಂದೆ.

ಮಾರನೇ ಬೆಳಿಗ್ಗೆ ಎದ್ದು ಮುಖ ತೊಳೆಯೋಕೆ ಮುಂಚೆ ಫಿಲ್ಮು ಕಿಟಕಿಗೆ ಹಿಡಿದು ನೋಡಿದೆ. ಮೊದಲಿನ ಒಂಬತ್ತರಲ್ಲಿ ಹುಡುಗಿ ಪಕ್ಕ ಒಂದು ಹೊಗೆ ಕೂತಿತ್ತು. ಹತ್ತನೇದು ಚೊಕ್ಕ. ಹನ್ನೊಂದೂ ಚೊಕ್ಕ. ಹನ್ನೆರಡರಲ್ಲಿ ಹುಡುಗಿ ನಕ್ಕುಬಿಟ್ಟು ಅವಳೇ ಕಲಸಿಹೋಗಿದ್ದಳು. ಹತ್ತನೇದನ್ನ ಹಳೇ ಪೇಪರಿನ ಮೇಲೆ ಪ್ರಿಂಟು ಹಾಕಿದೆ. ಪೇಪರು ಮಾಸಿತ್ತು, ಮುಖಗಳು ಮಾಸಿರಲಿಲ್ಲ. ಪ್ರಿಂಟನ್ನ ಕಿಟಕಿ ಗಾಜಿಗೆ ಅಂಟಿಸಿ ಒಣಗಿಸಿದೆ. ಒಣಗೋ ತನಕ ಸೊಸೆ ಎರಡು ಸಲ ಕಾಫಿ ಕೊಟ್ಟಳು, ಎರಡು ಸಲವೂ ಗಾಜಿನ ಹತ್ತಿರ ನಿಂತು ನಕ್ಕಳು. ನೆಗೆಟಿವ್ವು, ಪ್ರಿಂಟು ಎರಡನ್ನೂ ಕವರಿಗೆ ಹಾಕಿ ಬಸ್ ಹತ್ತಿದೆ.

ನಾಗಮಂಗಲದ ಗಾಡಿಗಳು ಇನ್ನೂ ಬಂದಿರಲಿಲ್ಲ. ನೆಗೆಟಿವ್ವನ್ನ ಆಪಾ ಕೈಗೆ ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಅದರಲ್ಲಿ ಬಿಳಿಯೆಲ್ಲ ಕಪ್ಪಾಗಿ ಬರ್ತದೆ.

"ನೋಡು, ನೋಡು, ಕೂದ್ಲು ಹೆಂಗೆ ಕರ್ರಗೈತೆ ನಂದು! ಇದೇ ಚೆನ್ನಾಗೈತೆ. ಇದನ್ನೇ ಕಟ್ಟು ಹಾಕಿಸ್ತೀನಿ."

ಪ್ರಿಂಟು ಮದುಮಗಳಿಗೆ ಕೊಟ್ಟೆ. ಅದರಲ್ಲಿ ಆಪಾದು ಒಂದು ಕೆನ್ನೆ ಹಲಸಿನ ಬೀಜ ಇಟ್ಟುಕೊಂಡ ಕೋತಿ ಕೆನ್ನೆ. ಕಣ್ಣು ಎರಡೂ ನನ್ನನ್ನ ನುಂಗೋ ಹಾಗೆ. ಪಕ್ಕದಲ್ಲಿ ಹುಡುಗಿ ತುಟಿ ಕಚ್ಚಿ ನಗು ಹಿಡಿದು ಕೂತಿದ್ದಾಳೆ. ಒಂದು ರೋಮವೂ ಅಲ್ಲಾಡಿರಲಿಲ್ಲ. ಹುಡುಗಿ ಬಹಳ ಹೊತ್ತು ನೋಡಿದಳು. "ಮಾತು ಹೊರಗೆ ಬಿದ್ದೇಬಿಡ್ತದೆ ಅನ್ನೋ ಹಂಗೈತೆ ಅಜ್ಜಿ," ಅಂದಳು. ಆಪಾ ಬಂದು ಬಗ್ಗಿ ನೋಡಿ, ಹರಿದುಹಾಕು ಅದನ್ನ ಅಂತ ಕೈ ಹಾಕಿದರು. ಹುಡುಗಿ ಕೊಡಲಿಲ್ಲ. ಗಂಡನ ಮನೆಗೆ ತಗೊಂಡು ಹೋಗೋ ಪೆಟ್ಟಿಗೆ ತೆಗೆದು, ಸೀರೆಗಳ ತಳದಲ್ಲಿ ಇಟ್ಟು, ಬೀಗ ಹಾಕಿದಳು.

ಅಡುಗೆ ಮನೇಲಿ ಕೈ ಸಾಲದೆ ಕೂಗ್ತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ ಈರುಳ್ಳಿ ಹೆಚ್ಚೋಕೆ ಕೂತೆ.